ಮಣ್ಣು ಏರಿಸಿದ ದ್ವೀಪ, ನೀರು ಏರಿಸಿದ ದ್ವೀಪ

2024ರ ಆಗಸ್ಟ್ ಕೊನೆಯ ವಾರ ವಡೋದರಾದಲ್ಲಿ ಇದ್ದವರಿಗೆ ಆ ಮೂರು ದಿನ ಸುಲಭಕ್ಕೆ ಮರೆಯುವುದಿಲ್ಲ. ವಿಶ್ವಾಮಿತ್ರಿ ನದಿಯ ಅಪಾಯದ ಮಟ್ಟ 25 ಅಡಿ. ಆ ಸಲ ಅದು 35 ಅಡಿಯನ್ನೂ ದಾಟಿತು. ಫತೇಗಂಜ್‌ನ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಮೊದಲು ಸ್ಕೂಟರುಗಳು ಮುಳುಗಿದವು, ಆಮೇಲೆ ಕಾರುಗಳ ಬಾನೆಟ್ಟು, ಆಮೇಲೆ ಲಿಫ್ಟಿನ ಬಾಗಿಲು. ಕರೆಂಟ್ ಇಲ್ಲ, ನೆಟ್ ಇಲ್ಲ. ಈ ನದಿಯಲ್ಲಿ ಮೊಸಳೆಗಳಿವೆ, ಊರಿನ ನಡುವೆಯೇ ಇವೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಹಾಗಾಗಿ ಮೆಟ್ಟಿಲ ಬುಡದ ಕಂದು ನೀರಿಗೆ ಕಾಲಿಡಲು ಯಾರಿಗೂ ಧೈರ್ಯ ಬರಲಿಲ್ಲ.

ಮಳೆಗಾಲವಾದ್ದರಿಂದ ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ನಾನು ಫೋನ್ ಚಾರ್ಜು ಎಷ್ಟಿದೆ ಎಂದು ನೋಡಿಕೊಳ್ಳುತ್ತಿರುವಾಗ ಅವಳು ಸದ್ದಿಲ್ಲದೆ ಮನೆಯ ಬಕೆಟ್ಟು, ಕುಕ್ಕರು, ಇಡ್ಲಿ ಪಾತ್ರೆ, ಕೊನೆಗೆ ಮಗಳ ಸ್ನಾನದ ಟಬ್ಬಿಗೂ ನೀರು ತುಂಬಿಸಿಟ್ಟಿದ್ದಳು. ಮಧ್ಯಾಹ್ನ ಟ್ಯಾಂಕ್ ಖಾಲಿಯಾದಾಗ ಇಡೀ ಮಹಡಿಯವರು ನಮ್ಮ ಮನೆಗೆ ಬಂದರು. ಎರಡನೇ ಕ್ಲಾಸಿನ ಮಗಳು ಬಾಲ್ಕನಿಯಿಂದ ಕೆಳಗೆ ನೋಡಿ, "ಅಪ್ಪಾ, ಈಗ ನಾವು ಐಲ್ಯಾಂಡಲ್ಲಿ ಇದ್ದೀವಾ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಹೌದು ಮಗಾ. ಇಂಥದ್ದೆಲ್ಲ ಅಜ್ಜಿಗೆ ಹೊಸತಲ್ಲ" ಅಂದಳು.

ಅಮ್ಮನ ಊರು, ಅಂದರೆ ನನ್ನ ಊರೂ, ಸಾಗರ ತಾಲ್ಲೂಕಿನ ತುಮರಿಯ ಕಡೆ, ಶರಾವತಿಯ ಹಿನ್ನೀರಿನಾಚೆ. ಸಿಗಂದೂರಿಗೆ ಹೋದವರು ಲಾಂಚ್ ಇಳಿದು ನಮ್ಮೂರಿನ ರಸ್ತೆಯಲ್ಲೇ ಹೋಗಿರುತ್ತೀರಿ. ನಕಾಶೆ ಇಟ್ಟುಕೊಂಡು ವಾದ ಮಾಡಿದರೆ ಅದು ಪೂರ್ತಿ ದ್ವೀಪವಲ್ಲ. ಒಂದು ಕಡೆ ಕಾಡಿನ ಘಟ್ಟದ ದಾರಿಯಲ್ಲಿ ನಿಟ್ಟೂರು, ಕೊಲ್ಲೂರಿನ ಕಡೆಗೆ ನೆಲ ಸೇರಿಕೊಂಡಿದೆ. ಆದರೆ ಕಣ್ಣೆದುರೇ ಕಾಣುವ ದಡಕ್ಕೆ ರಸ್ತೆಯಲ್ಲಿ ಎಂಬತ್ತು ಕಿಲೋಮೀಟರಿನಷ್ಟು ಸುತ್ತಬೇಕಾದವರು ತಮ್ಮ ಊರನ್ನು ದ್ವೀಪ ಅನ್ನದೆ ಇನ್ನೇನು ಅನ್ನುತ್ತಾರೆ?

ಆ ಸಂಜೆ ಮೇಣದಬತ್ತಿಯ ಬೆಳಕಲ್ಲಿ ಮಗಳಿಗೆ ದ್ವೀಪ ಮಾಡುವುದನ್ನು ತೋರಿಸಿದೆ. ಬೇರೆ ಕೆಲಸವೂ ಇರಲಿಲ್ಲ. ಒಂದು ತಟ್ಟೆಯಲ್ಲಿ ನೀರು ಹಾಕಿ, ಅದರ ಮಧ್ಯೆ ಗೋಧಿ ಹಿಟ್ಟಿನ ಉಂಡೆ ಮೇಲೆ ಉಂಡೆ ಇಟ್ಟೆ. ನೀರಿನ ಮೇಲೆ ತಲೆ ಕಂಡಾಗ "ಇಗೋ ದ್ವೀಪ" ಅಂದೆ. ಅಮ್ಮ ನೋಡುತ್ತಾ ಕೂತಿದ್ದವಳು ಇನ್ನೊಂದು ಖಾಲಿ ತಟ್ಟೆ ತಂದಳು. ಅದರಲ್ಲಿ ಹಿಟ್ಟಿನ ಗುಡ್ಡ, ಗುಡ್ಡದ ಬುಡದಲ್ಲಿ ನಾಲ್ಕು ಅಕ್ಕಿ ಕಾಳು. "ಇದು ಮನೆ, ಇದು ಕೊಟ್ಟಿಗೆ, ಇದು ತೋಟ" ಅನ್ನುತ್ತಾ ಚೊಂಬಿನಿಂದ ನಿಧಾನಕ್ಕೆ ನೀರು ಹುಯ್ದಳು. ಅಕ್ಕಿ ಮುಳುಗಿತು, ಗುಡ್ಡದ ತುದಿ ಉಳಿಯಿತು. "ಇದೂ ದ್ವೀಪವೇ."

ಮನುಷ್ಯ ಮಾಡಿದ ದ್ವೀಪ ಎಂದರೆ ನಮ್ಮ ಕಣ್ಣೆದುರು ಬರುವುದು ಮೊದಲನೇ ತಟ್ಟೆ, ಅದರಲ್ಲೂ ದುಬೈನ ಪಾಮ್ ಜುಮೇರಾ. 2017ರಲ್ಲಿ ಪ್ರಾಜೆಕ್ಟಿಗಾಗಿ ಎರಡು ತಿಂಗಳು ಅಲ್ಲಿದ್ದಾಗ, ಮಂಗಳೂರು ಕಡೆಯ ಗೆಳೆಯನೊಬ್ಬ ಒಂದು ಶುಕ್ರವಾರ ನನ್ನನ್ನು ಅಲ್ಲಿಗೆ ಕರೆದೊಯ್ದ. ವಿಮಾನದಿಂದ ಈಚಲು ಮರದ ಹಾಗೆ ಕಾಣುವ ಜಾಗ ಒಳಗೆ ಹೋದರೆ ಯಾವುದೇ ದೊಡ್ಡ ಬಡಾವಣೆಯ ಹಾಗೆಯೇ ಇದೆ: ನಡುವೆ ಕಾಂಡದಂಥ ರಸ್ತೆ, ಎರಡೂ ಬದಿ ಗರಿಗಳ ಮೇಲೆ ಸಾಲು ವಿಲ್ಲಾ, ಗರಿ ಗರಿಗೂ ಗೇಟು. ನನಗೆ ವಿಲ್ಲಾಕ್ಕಿಂತ ಅದರ ಬುಡದಲ್ಲಿ ಏನಿದೆ ಎಂಬುದರಲ್ಲೇ ಕುತೂಹಲ. ಊರಿನ ಗುಣ ಇರಬೇಕು.

2001ರಲ್ಲಿ ಅದರ ಕೆಲಸ ಶುರುವಾದಾಗ ಮೊದಲು ಕಟ್ಟಿದ್ದು ದ್ವೀಪವನ್ನಲ್ಲ, ಸುತ್ತಲಿನ ಅಲೆತಡೆ ಗೋಡೆಯನ್ನು. ಅರ್ಧಚಂದ್ರದಂತಿರುವ ಅದರ ಉದ್ದ 11 ಕಿಲೋಮೀಟರ್. ಹತ್ತು ಮೀಟರ್ ಆಸುಪಾಸಿನ ಆಳದಲ್ಲಿ ಮೊದಲು ಮರಳು, ಅದರ ಮೇಲೆ ನೀರನ್ನು ಬಿಟ್ಟು ಮರಳನ್ನು ತಡೆಯುವ ಒಂದು ದಪ್ಪ ಬಟ್ಟೆ, ಅದರ ಮೇಲೆ ಕಲ್ಲು. ಒಟ್ಟು 70 ಲಕ್ಷ ಟನ್ ಕಲ್ಲು. ಅಲೆ ಹೊರಗೆ ನಿಂತ ಮೇಲೆ ಒಳಗೆ ಮರಳು ತುಂಬುವ ಕೆಲಸ. ಬಳಸಿದ ಮರಳು 9 ಕೋಟಿ 40 ಲಕ್ಷ ಘನ ಮೀಟರ್. ಇಲ್ಲೊಂದು ತಮಾಷೆ ಇದೆ. ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಮರುಭೂಮಿ ಇದ್ದರೂ ಅಲ್ಲಿನ ಮರಳು ಈ ಕೆಲಸಕ್ಕೆ ಬರಲಿಲ್ಲ. ಗಾಳಿಗೆ ಉರುಳಿ ಉರುಳಿ ಅದರ ಕಣಗಳು ಸಣ್ಣಗೆ, ದುಂಡಗೆ ಆಗಿರುತ್ತವೆ; ನೀರಲ್ಲಿ ಒಂದನ್ನೊಂದು ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಸಮುದ್ರದ ತಳದಿಂದಲೇ ಒರಟು ಮರಳನ್ನು ಡ್ರೆಜರ್ ಹಡಗುಗಳಲ್ಲಿ ಹೀರಿ ತಂದು, ಹಡಗಿನ ಮೂತಿಯಿಂದ ಕಾಮನಬಿಲ್ಲಿನಂತೆ ಚಿಮ್ಮಿಸಿದರು. ಎಲ್ಲಿ ಎಷ್ಟು ಬೀಳಬೇಕು ಎಂಬುದನ್ನು ಉಪಗ್ರಹದ ಜಿಪಿಎಸ್ ಹೇಳುತ್ತಿತ್ತು. ಡ್ರೆಜಿಂಗ್ ಮಾಡಿದ್ದು ನೆದರ್‌ಲ್ಯಾಂಡ್ಸಿನ ವ್ಯಾನ್ ಊರ್ಡ್ ಕಂಪನಿ. ಶತಮಾನಗಳಿಂದ ಸಮುದ್ರವನ್ನು ಹಿಂದೆ ತಳ್ಳಿ ಬದುಕಿದ ದೇಶದವರು.

ಹಾಗೆ ಚಿಮ್ಮಿಸಿದ ಮರಳಿನ ಮೇಲೆ ಕೂಡಲೇ ಮನೆ ಕಟ್ಟುವಂತಿಲ್ಲ. ಸೇರಿಗೆ ಅಕ್ಕಿ ತುಂಬಿ ಪಕ್ಕಕ್ಕೆ ತಟ್ಟಿದರೆ ಅಕ್ಕಿ ಕುಸಿದು ಇನ್ನೊಂದು ಹಿಡಿಗೆ ಜಾಗವಾಗುತ್ತದಲ್ಲ, ಮರಳೂ ಹಾಗೆಯೇ. ಭೂಮಿ ನಡುಗಿದರೆ ಸಡಿಲ ಮರಳು ಗಂಜಿಯಂತೆ ಹರಿದು ಹೋಗಬಹುದು. ಅದಕ್ಕೆ ನಡುಗುವ ಉದ್ದನೆ ಕಂಬಗಳನ್ನು ಮರಳಿನೊಳಗೆ ಇಳಿಸಿ, ದ್ವೀಪದ ಉದ್ದಗಲಕ್ಕೂ ಸಾವಿರಾರು ಕಡೆ ಸೇರು ತಟ್ಟುವ ಈ ಕೆಲಸವನ್ನೇ ಮಾಡಿದರು. ಇಷ್ಟೆಲ್ಲ ಆದ ಮೇಲೆ ಇನ್ನೊಂದು ತೊಂದರೆ. ಅಲೆತಡೆ ಗೋಡೆಯ ಒಳಗಿನ ನೀರು ಓಡಾಟವಿಲ್ಲದೆ ನಿಂತ ಕೆರೆಯಂತೆ ಕೊಳೆಯುವ ಲಕ್ಷಣ ಕಂಡಿತು. ಆಗ ಗೋಡೆಯನ್ನೇ ಎರಡು ಕಡೆ ಕತ್ತರಿಸಿ ಸಮುದ್ರದ ನೀರಿಗೆ ದಾರಿ ಬಿಟ್ಟರು.

ಮಣ್ಣು ಏರಿಸಿದ ದ್ವೀಪವನ್ನು ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. ಜಪಾನಿನ ಒಸಾಕಾ ಕೊಲ್ಲಿಯಲ್ಲಿ, ದಡದಿಂದ ಐದು ಕಿಲೋಮೀಟರ್ ದೂರದ ಕನ್ಸಾಯ್ ವಿಮಾನ ನಿಲ್ದಾಣ ಅಂಥದ್ದೇ ದ್ವೀಪ. 1994ರಲ್ಲಿ ಶುರುವಾಯಿತು. ಅದರ ತಳದಲ್ಲಿರುವುದು ನೀರು ಹೀರಿದ ಸ್ಪಂಜಿನಂಥ ಜೇಡಿ. ಆ ನೀರು ಬೇಗ ಹೊರಬರಲೆಂದು ಜೇಡಿಯಲ್ಲಿ ಲಕ್ಷಗಟ್ಟಲೆ ಮರಳಿನ ಕೊಳವೆಗಳನ್ನು ಇಳಿಸಿದ್ದರು. ಆದರೂ ದ್ವೀಪ ಲೆಕ್ಕಕ್ಕಿಂತ ಹೆಚ್ಚು ಕುಸಿಯಿತು. ಇದುವರೆಗೆ ಹನ್ನೆರಡು ಮೀಟರಿಗೂ ಹೆಚ್ಚು. ಕಟ್ಟಡದ ಒಂದೊಂದು ಕಂಬದ ಬುಡದಲ್ಲೂ ಜಾಕ್ ಇಟ್ಟಿದ್ದಾರೆ. ಯಾವ ಮೂಲೆ ಹೆಚ್ಚು ಇಳಿಯಿತೋ ಅದನ್ನು ಎತ್ತಿ ಕೆಳಗೆ ತಗಡು ತುರುಕುತ್ತಾರೆ, ನಾವು ಕುಂಟುವ ಮೇಜಿನ ಕಾಲಿಗೆ ಕಾಗದ ಮಡಿಸಿಡುವ ಹಾಗೆ.

ಪೆರುವಿನ ಟಿಟಿಕಾಕಾ ಸರೋವರದ ಉರೋ ಜನರದು ಇನ್ನೂ ಹಳೆಯ ವಿದ್ಯೆ. ತೊತೊರಾ ಎಂಬ ಜೊಂಡಿನ ಬೇರಿನ ಗಟ್ಟಿಗಳನ್ನು ಕಟ್ಟಿ ತೇಲಿಸಿ, ಮೇಲೆ ಜೊಂಡು ಹಾಸುತ್ತಾರೆ. ಕೆಳಗಿನದು ಕೊಳೆಯುತ್ತಲೇ ಇರುತ್ತದೆ, ಮೇಲೆ ಹೊಸತು ಹಾಸುತ್ತಲೇ ಇರಬೇಕು. ಅಕ್ಕಪಕ್ಕದವರಿಗೆ ಜಗಳವಾದರೆ ಗರಗಸದಲ್ಲಿ ದ್ವೀಪವನ್ನೇ ಕೊಯ್ದು ಬೇರೆಯಾಗುತ್ತಾರಂತೆ. ನಮ್ಮ ಸೊಸೈಟಿಯ ಮೀಟಿಂಗುಗಳಲ್ಲಿ ನನಗೆ ಇದು ಆಗಾಗ ನೆನಪಾಗುತ್ತದೆ.

ನಮ್ಮ ದೇಶದಲ್ಲೂ ಮೊದಲನೇ ತಟ್ಟೆಯ ದ್ವೀಪಗಳಿವೆ. ಇಲ್ಲಿಂದ ಎರಡು ಗಂಟೆ ದೂರದ ಅಹಮದಾಬಾದಿನ ಕಾಂಕರಿಯಾ ಕೆರೆ 1451ರಲ್ಲಿ ಮುಗಿದದ್ದು. ಅದರ ನಡುವಿನ ನಗೀನಾವಾಡಿ ಸುಲ್ತಾನರು ಬೇಸಗೆ ಕಳೆಯಲು ಮಾಡಿಕೊಂಡ ದ್ವೀಪ. ಕೊಚ್ಚಿಯ ವಿಲಿಂಗ್ಡನ್ ದ್ವೀಪ 1920–30ರ ದಶಕಗಳದ್ದು. ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ದೊಡ್ಡ ಹಡಗು ಬರುವಂತೆ ಬಂದರು ಆಳ ಮಾಡಿಸಿದಾಗ ಮೇಲೆ ಬಂದ ಹೂಳನ್ನೇ ಸುರಿದು ಮಾಡಿದ್ದು. ಮುಂಬೈಯ ಓದುಗರಿಗಂತೂ ಹೇಳುವುದೇ ಬೇಡ, ನಾರಿಮನ್ ಪಾಯಿಂಟಿನಲ್ಲಿ ಕೆಲಸಕ್ಕೆ ಹೋಗುವವರು ದಿನಾ ನಡೆಯುವುದು ಸಮುದ್ರದಿಂದ ಗಿಟ್ಟಿಸಿದ ನೆಲದ ಮೇಲೆ.

ಈಗ ಅಮ್ಮನ ತಟ್ಟೆಗೆ ಬರುತ್ತೇನೆ.

ಶರಾವತಿಗೆ ಮೊದಲ ದೊಡ್ಡ ಅಣೆಕಟ್ಟು ಬಂದದ್ದು ಮಡೆನೂರಿನಲ್ಲಿ, ಹಿರೇಭಾಸ್ಕರ ಎಂದು ಕರೆಯುತ್ತಿದ್ದದ್ದು. ಜೋಗದಲ್ಲಿ ವಿದ್ಯುತ್ ತಯಾರಿಕೆ ಶುರುವಾದದ್ದು 1948ರ ಸುಮಾರಿಗೆ, ಆ ನೀರಿನಿಂದಲೇ. ಅದು ಸಾಲದಾದಾಗ 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಪೂರ್ತಿ ತುಂಬಿದಾಗ ಅದರ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಹಿಡಿಯುವ ನೀರು 150 ಟಿಎಂಸಿಗೂ ಮೇಲೆ. ಹಳೆಯ ಮಡೆನೂರು ಅಣೆಕಟ್ಟೇ ಹೊಸದರ ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಗೆಯಲ್ಲಿ ಅದು ಎದ್ದು ಬರುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟಿಗೇ ಈ ಗತಿಯಾದರೆ ಜನರದ್ದು ಕೇಳಬೇಕೆ? ನನ್ನ ಅಜ್ಜನ ಕೆಳಗಿನ ಗದ್ದೆ ಮೊದಲ ನೀರಿಗೆ ಹೋಗಿತ್ತು. ಮನೆ, ಕಣ, ಅಡಿಕೆ ತೋಟ ಎರಡನೆಯ ನೀರಿಗೆ ಹೋದವು.

ಮಲೆನಾಡನ್ನು ಕಂಡವರಿಗೆ ಗೊತ್ತು, ನಮ್ಮಲ್ಲಿ ಬದುಕು ಇರುವುದು ಕಣಿವೆಯಲ್ಲಿ. ಗದ್ದೆ, ತೋಟ, ಬಾವಿ, ಮನೆ ಎಲ್ಲ ತಗ್ಗಿನಲ್ಲಿ. ಗುಡ್ಡದ ತಲೆ ಸೊಪ್ಪಿಗೆ, ದನ ಮೇಯಲು. ಮಣ್ಣು ಏರಿಸಿದ ದ್ವೀಪದಲ್ಲಿ ಇಂಜಿನಿಯರ್ ಬೇಕಾದ ಮಣ್ಣನ್ನು ಆರಿಸಿ ತರುತ್ತಾನೆ. ನೀರು ಏರಿಸಿದ ದ್ವೀಪದಲ್ಲಿ ಒಳ್ಳೆಯ ಮಣ್ಣೆಲ್ಲ ಕೆಳಗೆ ಹೋಗಿ, ಯಾರಿಗೂ ಬೇಡವಾಗಿದ್ದ ಗುಡ್ಡದ ತಲೆ ಮಾತ್ರ ಮೇಲೆ ಉಳಿಯುತ್ತದೆ. ನನ್ನ ಅಪ್ಪ ಬೇಸಾಯ ಮಾಡಿದ್ದು ತನ್ನ ಅಪ್ಪ ದನ ಮೇಯಿಸುತ್ತಿದ್ದ ಜಾಗದಲ್ಲಿ. ಸುತ್ತ ಸಮುದ್ರದಂಥ ನೀರು, ಬಾವಿಯಲ್ಲಿ ಮಾತ್ರ ಏಪ್ರಿಲಿಗೆ ತಳ ಕಾಣುತ್ತಿತ್ತು.

ಆಗ ಅಮ್ಮನಿಗೆ ಆರು ವರ್ಷ. ನೀರು ಒಂದೇ ಸಲ ಬರಲಿಲ್ಲ ಎನ್ನುತ್ತಾಳೆ. ಒಂದು ಮಳೆಗಾಲಕ್ಕೆ ದೂರದಲ್ಲಿ ಹೊಳೆಯುವ ಗೆರೆ ಕಾಣುತ್ತಿತ್ತು, ಮುಂದಿನ ಮಳೆಗಾಲಕ್ಕೆ ಗದ್ದೆಯ ಬದುವಿಗೆ ಬಂತು. "ಇಷ್ಟೇ ಇರಬೇಕು, ಇನ್ನು ಬರಲಿಕ್ಕಿಲ್ಲ" ಎಂದು ಅಜ್ಜ ದಿನಾ ಒಂದು ಗೂಟ ಹುಗಿದು ನೋಡುತ್ತಿದ್ದನಂತೆ. ಬೆಳಿಗ್ಗೆ ಗೂಟ ಕಾಣುತ್ತಿರಲಿಲ್ಲ. ಬಹಳ ಮಂದಿ ಲಾರಿಯಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗ, ಹೊಸನಗರದ ಕಾಡುಗಳ ಕಡೆ ಹೋದರು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಜನ ತಾವಿರುವ ಜಾಗದ ಹಕ್ಕುಪತ್ರಕ್ಕಾಗಿ ಇನ್ನೂ ಅರ್ಜಿ ಹಿಡಿದು ತಿರುಗುತ್ತಿದ್ದಾರೆ. ಅಜ್ಜ ಹೋಗಲಿಲ್ಲ, ಗುಡ್ಡ ಹತ್ತಿದ. ಕೈಗೆ ಬಂದ ಪರಿಹಾರದಲ್ಲಿ ಒಂದು ಜೊತೆ ಎತ್ತು ತಂದು, ಉಳಿದದ್ದರಲ್ಲಿ ಮನೆಗೆ ಹೆಂಚು ಹೊದಿಸಿದ. ನಾನು ಹುಟ್ಟಿದ್ದು ಆ ಹೆಂಚಿನ ಕೆಳಗೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ. ನಮ್ಮ ಗದ್ದೆಯ ಮೇಲೆ ನಿಂತ ನೀರು ಬೆಂಗಳೂರಿಗೆ ಕರೆಂಟ್ ಕೊಡುತ್ತಿತ್ತು.

ಇದನ್ನು ಕನ್ನಡದಲ್ಲಿ ಚೆನ್ನಾಗಿ ಬರೆದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, 2001ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ಅದನ್ನು ತೋರಿಸಿದ್ದೆ. ಪೂರ್ತಿ ನೋಡಿ, "ಸೌಂದರ್ಯ ಚೆನ್ನಾಗಿ ಮಾಡಿದಾಳೆ. ಮಳೆ ಮಾತ್ರ ನಮ್ಮಲ್ಲಿ ಇದಕ್ಕಿಂತ ಜಾಸ್ತಿ" ಅಂದಳು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು.

ಇಂಥ ದ್ವೀಪದಲ್ಲಿ ಬದುಕುವುದೆಂದರೆ ಏನು ಎಂದು ಆಫೀಸಿನಲ್ಲಿ ಕೇಳುತ್ತಾರೆ. ಅವರ ಕಲ್ಪನೆಯಲ್ಲಿ ಅದು ರೆಸಾರ್ಟು. ನನಗಾದರೆ ಅದು ಗಡಿಯಾರ ನೋಡುವ ಬದುಕು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಬರುವ ಲಾಂಚು ಸಂಜೆಯ ಮೇಲೆ ಇರುತ್ತಿರಲಿಲ್ಲ. ಆದ್ದರಿಂದ ಸಾಗರದಲ್ಲಿ ಮದುವೆ ಊಟಕ್ಕೆ ಕೂತವನು ಪಾಯಸ ಬರುವ ಮುಂಚೆ ಏಳಬೇಕಿತ್ತು. ಪಿಯುಸಿ ಓದುವಾಗ ಪ್ರಾಕ್ಟಿಕಲ್ ಸ್ವಲ್ಪ ಎಳೆದರೆ ರಾತ್ರಿ ಯಾರದಾದರೂ ಮನೆ ಜಗಲಿಯೇ ಗತಿ. ನೀರು ತೀರಾ ಇಳಿದ ಬೇಸಗೆಯಲ್ಲಿ ಲಾಂಚಿಗೆ ಬಸ್ಸು ಕಾರು ಹತ್ತಿಸುತ್ತಿರಲಿಲ್ಲ. ಹೆರಿಗೆ, ಹಾವು ಕಚ್ಚಿದ್ದು, ಎದೆನೋವು ಇವೆಲ್ಲ ಹಗಲಿನಲ್ಲೇ ಆಗಬೇಕಿತ್ತು. ನನ್ನ ಅಪ್ಪನಿಗೆ ಎದೆನೋವು ಬಂದದ್ದು ರಾತ್ರಿ ಹತ್ತಕ್ಕೆ. ಜೀಪಿನಲ್ಲಿ ಕಾಡಿನ ದಾರಿಯಾಗಿ ಸುತ್ತಿ ಹೊರಟೆವು. ಅರ್ಧ ದಾರಿಯಲ್ಲಿ ಜೀಪು ತಿರುಗಿಸಬೇಕಾಯಿತು.

ಆ ನೆರೆಯ ದಿನಗಳಿಗೆ ಮರಳುತ್ತೇನೆ. ಕೆಳಗಿನ ಕೋಣೆ ಮುಳುಗಿದ್ದರಿಂದ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ ಮೊದಲ ಮಹಡಿಯ ಮೆಟ್ಟಿಲ ಹತ್ತಿರ ಚಾಪೆ ಹಾಸಿದ್ದರು. ಅವರಿಗೆ ಅರವತ್ತರ ಹತ್ತಿರ. ಅಮ್ಮ ಗಂಜಿ, ಉಪ್ಪಿನಕಾಯಿ ಕೊಟ್ಟು, ಟಿವಿಯಿಂದ ಕಲಿತ ಹಿಂದಿಯಲ್ಲಿ "ಗಾಂವ್ ಕಹಾಂ?" ಅಂದಳು. ನಾಲ್ಕು ವರ್ಷದಿಂದ ದಿನಾ ಅವರಿಗೆ ಕೈಯೆತ್ತಿ ಹೋಗುವ ನಾನು ಅದನ್ನು ಕೇಳಿರಲಿಲ್ಲ. ಅವರೆಂದರು: ಈಗ ಡಭೋಯಿ ಹತ್ತಿರದ ವಸಾಹತ್. ಹುಟ್ಟಿದ ಊರು ನರ್ಮದೆಯ ದಂಡೆಯ ಗುಡ್ಡಗಳಲ್ಲಿ, ಸರ್ದಾರ್ ಸರೋವರದ ನೀರಿನ ಕೆಳಗೆ.

ಇಲ್ಲಿ ವಸಾಹತ್ ಅಂದರೆ ಮುಳುಗಡೆಯವರಿಗೆ ಕಟ್ಟಿಕೊಟ್ಟ ಊರು. ವಡೋದರಾ ಸುತ್ತ ಅಂಥವು ಬಹಳ ಇವೆ. ನರ್ಮದಾ ನ್ಯಾಯಮಂಡಳಿ 1979ರಲ್ಲಿ ಕೊಟ್ಟ ತೀರ್ಪಿನಲ್ಲಿ ಜಮೀನು ಕಳೆದುಕೊಂಡ ಕುಟುಂಬಕ್ಕೆ ಕನಿಷ್ಠ ಎರಡು ಹೆಕ್ಟೇರ್, ಅಂದರೆ ಐದು ಎಕರೆ ಜಮೀನು ಕೊಡಬೇಕೆಂದಿತ್ತು. ಕಾಕಾನ ಮನೆಯವರಿಗೂ ಐದು ಎಕರೆ ಸಿಕ್ಕಿತಂತೆ. ನಾನು ಅದನ್ನು ಅನುವಾದ ಮಾಡಿದಾಗ ಅಮ್ಮನ ಮುಖ ನೋಡಬೇಕಿತ್ತು. "ಐದು ಎಕರೆ! ಕಾಗದ ಸಮೇತ?" ಕಾಗದ ಸಮೇತ. "ಮತ್ತೆ ಈ ವಯಸ್ಸಲ್ಲಿ ಗೇಟು ಕಾಯೋದು ಎಂತಕ್ಕೆ, ಕೇಳು." ಕಾಕಾ ನಕ್ಕರು. ಅಣ್ಣತಮ್ಮಂದಿರಲ್ಲಿ, ಮಕ್ಕಳಲ್ಲಿ ಹಂಚಿಹೋಗಿ ಈಗ ಅವರ ಪಾಲು ಬಹಳ ಸಣ್ಣದು. ಗುಡ್ಡದ ಊರಲ್ಲಾದರೆ ಕಾಡು ಇತ್ತು, ಮೀನು ಇತ್ತು, ಮಹುವಾ ಇತ್ತು. ಅದಕ್ಕೆಲ್ಲ ಎಕರೆ ಲೆಕ್ಕ ಇರಲಿಲ್ಲ ಅಂದರು. ಅದನ್ನು ಹೇಳಿದಾಗ ಅಮ್ಮನಿಗೆ ಬೇರೆ ಅನುವಾದ ಬೇಕಾಗಲಿಲ್ಲ. ಇನ್ನೊಂದು ಸೌಟು ಗಂಜಿ ಹಾಕಿದಳು.

2019ರ ಸೆಪ್ಟೆಂಬರಿನಲ್ಲಿ ಆ ಸರೋವರ ಮೊದಲ ಬಾರಿ 138.68 ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿದಾಗ ಮಧ್ಯಪ್ರದೇಶದ ಬಡವಾನಿ ಜಿಲ್ಲೆಯಲ್ಲಿ ರಾಜಘಾಟಿನಂಥ ಊರುಗಳು ದ್ವೀಪಗಳಾದವು. ಪತ್ರಿಕೆಯಲ್ಲಿ ಆ ಫೋಟೊ ನೋಡಿದವನು ಪುಟ ತಿರುವಿದ್ದೆ. ನಾನೇ.

ನಮ್ಮೂರಿಗೆ ಸೇತುವೆ ಬಂದದ್ದು ಮರುವರ್ಷ, 2025ರ ಜುಲೈ 14ಕ್ಕೆ. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ. 2018ರಲ್ಲಿ ಶಂಕುಸ್ಥಾಪನೆ ಆದದ್ದು. ಅದಕ್ಕೂ ಮುಂಚೆ ದಶಕಗಳ ಕಾಲ ಊರವರು ಕೇಳುತ್ತಲೇ ಇದ್ದದ್ದು. ದ್ವೀಪವಾದ ಅರವತ್ತೊಂದು ವರ್ಷಕ್ಕೆ ದಡ ಸಿಕ್ಕಿತು. ವಾಟ್ಸಾಪಿನಲ್ಲಿ ಮಾವನ ಮಗ ಡ್ರೋನ್ ವಿಡಿಯೋ ಕಳಿಸಿದ. ಅಮ್ಮ ಅದನ್ನು ಹಿಂದೆ ಮುಂದೆ ಮಾಡಿ ನೋಡಿದಳು, ಏನೂ ಹೇಳಲಿಲ್ಲ. ಅಪ್ಪನ ಫೋಟೊ ಇರುವ ಗೋಡೆಯ ಕಡೆ ನಾವಿಬ್ಬರೂ ನೋಡಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವಳನ್ನು ಸಾಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹನ್ನೊಂದು ಗಂಟೆಗೆ ಬನ್ನಿ ಅಂದಿದ್ದರು. ಅಮ್ಮ ಆರಕ್ಕೇ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಸೇತುವೆ ಇದೆಯಲ್ಲ ಎಂದರೆ, "ಕ್ಯೂ ಇದ್ದರೆ?" ಅನ್ನುತ್ತಾಳೆ. ವಾದ ಮಾಡದೆ ಕಾರು ತೆಗೆದೆ. ಸೇತುವೆಯ ನಡುವೆ ನಿಧಾನ ಮಾಡು ಅಂದಳು. ಗಾಜು ಇಳಿಸಿ ಕೆಳಗೆ ನೀರಿನಲ್ಲಿ ಒಂದು ಕಡೆ ಬೆರಳು ತೋರಿಸಿ, "ಕಣ ಅಲ್ಲಿ. ಅದರಾಚೆ ನಾಲ್ಕು ಹಲಸಿನ ಮರ" ಎಂದು ಮಗಳಿಗೆ ಹೇಳಿದಳು. ಮಗಳು ಎದ್ದು ನಿಂತು ನೋಡುವಷ್ಟರಲ್ಲಿ ಹಿಂದಿನ ಬಸ್ಸಿನವನು ಹಾರನ್ ಹೊಡೆದ.

"ಇಷ್ಟೇನಾ? ದಾಟಿ ಆಯ್ತಾ?" ಅಂದಳು ಅಮ್ಮ.

ಸಾಗರ ತಲುಪಿದಾಗ ಡಾಕ್ಟರ ಬಾಗಿಲು ತೆರೆಯಲು ಇನ್ನೂ ಮೂರು ಗಂಟೆ ಇತ್ತು. ಹೋಟೆಲಿನಲ್ಲಿ ಕೂತು ಇಡ್ಲಿ ತಿಂದೆವು, ಆಮೇಲೆ ಬನ್ಸ್, ಆಮೇಲೆ ಎರಡು ಸಲ ಕಾಫಿ.